ಮತ್ತೆ ಮತ್ತೆ ಸಡಿಲವಾಗುವ ಸೈಕಲ್ ಬೋಲ್ಟ್: ಬಿಗಿಯುವ ಮುನ್ನ ಕಾರಣ ಹುಡುಕಿ

ಕಳೆದ ವಾರವಷ್ಟೇ ಬಿಗಿದ ಬೋಲ್ಟ್ ಈ ವಾರ ಬೆರಳಿನಲ್ಲೇ ತಿರುಗುತ್ತಿದೆ. ಸ್ಪ್ಯಾನರ್ ತೆಗೆದುಕೊಂಡು ಇನ್ನಷ್ಟು ಜೋರಾಗಿ ಬಿಗಿದುಬಿಡೋಣ ಎನಿಸುವುದು ಸಹಜ. ದಯವಿಟ್ಟು ಒಂದು ನಿಮಿಷ ತಡೆಯಿರಿ. ಸಡಿಲವಾದ ಬೋಲ್ಟಿನ ಸುತ್ತ ಏನು ನಡೆದಿದೆ ಎಂಬುದರ ಗುರುತುಗಳು ಅಲ್ಲಿಯೇ ಇರುತ್ತವೆ. ನೋಡದೆ ಬಿಗಿದರೆ ಅವೂ ಹೋಗುತ್ತವೆ, ಮುಂದಿನ ವಾರ ಬೋಲ್ಟ್ ಮತ್ತೆ ಸಡಿಲವಾಗುತ್ತದೆ.

ಬೋಲ್ಟನ್ನು ಬಿಗಿದಾಗ ಅದು ಕೂದಲೆಳೆಗಿಂತಲೂ ಕಡಿಮೆ ಪ್ರಮಾಣದಲ್ಲಿ ಉದ್ದವಾಗುತ್ತದೆ. ಹಾಗೆ ಹಿಗ್ಗಿದ ಬೋಲ್ಟ್ ಸ್ಪ್ರಿಂಗಿನಂತೆ ಕುಗ್ಗಲು ಎಳೆಯುತ್ತಿರುತ್ತದೆ. ಎರಡು ಭಾಗಗಳನ್ನು ಒತ್ತಿ ಹಿಡಿಯುವುದು ಈ ಎಳೆತವೇ. ಇದು ಕಳೆದುಹೋಗಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಬೋಲ್ಟ್ ತಿರುಗುವುದೇ ಇಲ್ಲ. ಅದರ ತಲೆಯ ಕೆಳಗಿರುವ ಬಣ್ಣ, ಪ್ಲಾಸ್ಟಿಕ್ ಅಥವಾ ತುಕ್ಕಿನ ಪದರ ನಿಧಾನವಾಗಿ ನಜ್ಜಾಗಿ, ಬೋಲ್ಟಿನ ಹಿಗ್ಗುವಿಕೆ ಇಲ್ಲವಾಗುತ್ತದೆ. ಎರಡನೆಯದರಲ್ಲಿ ಬೋಲ್ಟ್ ನಿಜವಾಗಿಯೂ ಹಿಂದಕ್ಕೆ ತಿರುಗುತ್ತದೆ. ಜೋಡಿಸಿದ ಭಾಗಗಳು ಬೋಲ್ಟಿಗೆ ಅಡ್ಡಲಾಗಿ ಅತ್ತಿತ್ತ ಜಾರುತ್ತಿದ್ದರೆ, ಪ್ರತಿ ಜಾರಿಕೆಯೂ ಥ್ರೆಡ್ಡಿನ (ಬೋಲ್ಟಿನ ಮೈಮೇಲಿನ ಸುರುಳಿ ಗೆರೆಗಳ) ಘರ್ಷಣೆಯನ್ನು ಕ್ಷಣಕಾಲ ಕಳೆದು ಬೋಲ್ಟನ್ನು ತುಸು ಬಿಚ್ಚುತ್ತದೆ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಇದನ್ನು 1969ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಮೇಲೆ ಕೆಳಗೆ ಕುಲುಕುವ ಕಂಪನಕ್ಕಿಂತ ಅಡ್ಡ ಜಾರಿಕೆ ಬೋಲ್ಟಿಗೆ ಎಷ್ಟೋ ಹೆಚ್ಚು ಅಪಾಯಕಾರಿ.

ನಿಮ್ಮ ಬೋಲ್ಟಿಗೆ ಈ ಎರಡರಲ್ಲಿ ಯಾವುದಾಗಿದೆ ಎಂದು ಪತ್ತೆ ಮಾಡಲು ಬಣ್ಣದ ಒಂದು ಗೆರೆ ಸಾಕು. ಬೋಲ್ಟನ್ನು ಸರಿಯಾಗಿ ಬಿಗಿದ ಬಳಿಕ ಅದರ ತಲೆಯಿಂದ ಪಕ್ಕದ ಭಾಗದ ಮೇಲೆ ಹಾಯುವಂತೆ ಬಣ್ಣದ ಪೆನ್ನಿನಿಂದ ನೇರ ಗೆರೆ ಎಳೆಯಿರಿ. ಉಗುರಿಗೆ ಹಚ್ಚುವ ಬಣ್ಣವಾದರೂ ಆದೀತು. ಮುಂದೆ ಬೋಲ್ಟ್ ಸಡಿಲವಾದಾಗ ಗೆರೆ ತುಂಡಾಗಿದ್ದರೆ ಬೋಲ್ಟ್ ತಿರುಗಿದೆ, ಅಂದರೆ ಆ ಜೋಡಣೆಯಲ್ಲಿ ಏನೋ ಜಾರುತ್ತಿದೆ. ಗೆರೆ ನೇರವಾಗಿಯೇ ಇದ್ದು ಬಿಗಿ ಮಾತ್ರ ಹೋಗಿದ್ದರೆ ಕೆಳಗಿನ ಪದರ ಕುಸಿದಿದೆ, ಇಲ್ಲವೇ ಥ್ರೆಡ್ ಕಿತ್ತುಬರುತ್ತಿದೆ. ಈ ಬರಹದ ಉದ್ದಕ್ಕೂ ಆ ಗೆರೆಗೆ ಮತ್ತೆ ಮತ್ತೆ ಮರಳುತ್ತೇನೆ.

## ಮೊದಲು ಇದನ್ನು ಓದಿ: ಸವಾರಿ ನಿಲ್ಲಿಸಬೇಕಾದ ಲಕ್ಷಣಗಳು

ಹ್ಯಾಂಡಲ್, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್, ಬ್ರೇಕ್, ಚಕ್ರದ ನಡುವಿನ ದಂಡವಾದ ಆಕ್ಸೆಲ್, ಪೆಡಲನ್ನು ಹೊತ್ತ ತೋಳಾದ ಕ್ರ್ಯಾಂಕ್ ಇವುಗಳಲ್ಲಿ ಯಾವುದೇ ಅಲುಗಾಟ ಕಂಡರೆ ಅಲ್ಲಿಯೇ ಇಳಿಯಿರಿ. ಸ್ಥಳದಲ್ಲೇ ಸರಿಪಡಿಸಲು ಆಗದಿದ್ದರೆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ. ನೀರಿನ ಬಾಟಲಿಯ ಸ್ಟ್ಯಾಂಡ್ ಅಥವಾ ಗಂಟೆ ಸಡಿಲವಾಗಿದ್ದರೆ ಮನೆ ತಲುಪಬಹುದು. ಮುಂದಿನ ಮಡ್‌ಗಾರ್ಡ್ ಮಾತ್ರ ಆ ಸಾಲಿಗೆ ಸೇರುವುದಿಲ್ಲ. ಅದರ ಕಡ್ಡಿ ಬಿಚ್ಚಿಕೊಂಡು ಚಕ್ರಕ್ಕೂ ಫೋರ್ಕಿಗೂ ನಡುವೆ ಸಿಕ್ಕಿಬಿದ್ದರೆ ಚಕ್ರ ಒಮ್ಮೆಲೇ ನಿಂತು ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ. ಅದನ್ನು ಕಟ್ಟಿ ಭದ್ರಪಡಿಸದೆ, ಇಲ್ಲವೇ ಪೂರ್ತಿ ಬಿಚ್ಚಿ ತೆಗೆಯದೆ ಮುಂದೆ ಹೋಗಬೇಡಿ.

## ಎಷ್ಟು ಬಿಗಿಯಬೇಕು ಎಂಬುದರ ಅಂದಾಜು

ಬಹುತೇಕ ಕೆಲಸಕ್ಕೆ 3, 4, 5, 6 ಮತ್ತು 8 ಮಿ.ಮೀ. ಅಲನ್ ಕೀಗಳು, 8, 10 ಮತ್ತು 15 ಮಿ.ಮೀ. ಸ್ಪ್ಯಾನರ್‌ಗಳು, ಒಣ ಬಟ್ಟೆ ಮತ್ತು ಸ್ವಲ್ಪ ಗ್ರೀಸ್ ಸಾಕು. ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಾಮಾನು ತೂಗುವ ಕೊಕ್ಕೆಯ ತಕ್ಕಡಿಯಿಂದ ಅಂದಾಜು ಮಾಡಬಹುದು. ಬೋಲ್ಟಿನ ನಡುವಿನಿಂದ 10 ಸೆಂ.ಮೀ. ದೂರದಲ್ಲಿ ಸ್ಪ್ಯಾನರಿಗೆ ಲಂಬವಾಗಿ 1 ಕಿಲೋ ಎಳೆದರೆ ಸುಮಾರು 1 ನ್ಯೂಟನ್ ಮೀಟರ್ (ತಿರುಚು ಬಲದ ಅಳತೆ). ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ಮಿನ 5 ಮಿ.ಮೀ. ದಪ್ಪದ ಬೋಲ್ಟಿಗೆ ಸಾಮಾನ್ಯವಾಗಿ 4ರಿಂದ 6 ನ್ಯೂಟನ್ ಮೀಟರ್ ಬೇಕು, ಅಂದರೆ 10 ಸೆಂ.ಮೀ. ದೂರದಲ್ಲಿ ಸುಮಾರು 5 ಕಿಲೋ ಎಳೆತ. ಕ್ರ್ಯಾಂಕಿನ ದೊಡ್ಡ ಬೋಲ್ಟಿಗೆ 40ರ ಆಸುಪಾಸು ಬೇಕು, ಅಂದರೆ 20 ಸೆಂ.ಮೀ. ದೂರದಲ್ಲಿ 20 ಕಿಲೋ. ಒಮ್ಮೆ ಹೀಗೆ ಅಳೆದು ನೋಡಿದವರಿಗೆ ಒಂದು ಸಂಗತಿ ಮನದಟ್ಟಾಗುತ್ತದೆ: ಹೆಚ್ಚಿನವರು ಚಿಕ್ಕ ಬೋಲ್ಟುಗಳನ್ನು ಅತಿಯಾಗಿ ಬಿಗಿಯುತ್ತಾರೆ, ದೊಡ್ಡ ಬೋಲ್ಟುಗಳನ್ನು ತೀರಾ ಕಡಿಮೆ ಬಿಗಿಯುತ್ತಾರೆ. ಭಾಗದ ಮೇಲೆಯೇ ಅಂಕಿ ಅಚ್ಚಾಗಿದ್ದರೆ ಅದನ್ನೇ ಪಾಲಿಸಿ.

ನಾವು ಹಾಕುವ ತಿರುಚು ಬಲದ ಬಹುಪಾಲು, ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು, ಘರ್ಷಣೆಯನ್ನು ಮೀರುವುದಕ್ಕೇ ಖರ್ಚಾಗುತ್ತದೆ. ಉಳಿದ ಒಂದು ಪಾಲಷ್ಟೇ ಬೋಲ್ಟನ್ನು ಹಿಗ್ಗಿಸುತ್ತದೆ. ತುಕ್ಕು ಹಿಡಿದ ಒಣ ಥ್ರೆಡ್ಡಿನಲ್ಲಿ ಆ ಒಂದು ಪಾಲೂ ಸಿಗುವುದಿಲ್ಲ. ಕೈಗೆ ಬಿಗಿಯಾದಂತೆ ತೋರುತ್ತದೆ, ಒಳಗೆ ಹಿಡಿತವೇ ಇರುವುದಿಲ್ಲ. ಥ್ರೆಡ್ಡಿಗೆ ಗ್ರೀಸ್ ಹಚ್ಚಿದರೆ ಬೋಲ್ಟ್ ಜಾರಿ ಸಡಿಲವಾಗುತ್ತದೆ ಎಂಬ ಭಯ ಹಲವರಿಗಿದೆ. ಥ್ರೆಡ್ ಲಾಕರ್ (ಥ್ರೆಡ್ಡಿನಲ್ಲಿ ಗಟ್ಟಿಯಾಗಿ ಬೋಲ್ಟನ್ನು ಹಿಡಿದಿಡುವ ದ್ರವ) ಹಾಕುವ ಬೋಲ್ಟುಗಳನ್ನು ಬಿಟ್ಟರೆ, ಸ್ವಚ್ಛ ಮಾಡಿ ತೆಳುವಾಗಿ ಗ್ರೀಸ್ ಹಚ್ಚಿ ಬಿಗಿದ ಬೋಲ್ಟೇ ಹೆಚ್ಚು ಕಾಲ ನಿಲ್ಲುತ್ತದೆ.

## ಲಕ್ಷಣ: ಎಲ್ಲಿಂದಲೋ ಗಡಗಡ ಸದ್ದು, ಜಾಗ ತಿಳಿಯುತ್ತಿಲ್ಲ

ಮುಂದಿನ ಚಕ್ರವನ್ನು ನೆಲದಿಂದ ನಾಲ್ಕೈದು ಸೆಂ.ಮೀ. ಎತ್ತಿ ಬಿಡಿ. ಬಳಿಕ ಹಿಂದಿನದನ್ನೂ ಹಾಗೆಯೇ ಬಿಡಿ. ಎಲ್ಲವೂ ಬಿಗಿಯಾಗಿರುವ ಸೈಕಲ್ ಟೈರಿನ ಮೆತ್ತನೆಯ ಒಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಗಲಗಲ ಎಂದರೆ ಗಂಟೆ, ದೀಪ, ಮಡ್‌ಗಾರ್ಡ್ ಕಡ್ಡಿ, ಬಾಟಲಿ ಸ್ಟ್ಯಾಂಡ್, ಕ್ಯಾರಿಯರ್ ಹೀಗೆ ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡಿದು ಮತ್ತೆ ಎತ್ತಿ ಬಿಡಿ. ಯಾವುದನ್ನು ಹಿಡಿದಾಗ ಸದ್ದು ನಿಲ್ಲುತ್ತದೆಯೋ ಅದೇ ಆ ಭಾಗ.

ನಿಂತಾಗ ಸಿಗದ ಸದ್ದನ್ನು ಓಡಿಸುವಾಗ ಹುಡುಕಬೇಕು. ತುಳಿಯುವುದನ್ನು ನಿಲ್ಲಿಸಿದೊಡನೆ ಸದ್ದೂ ನಿಂತರೆ ಪೆಡಲ್, ಕ್ರ್ಯಾಂಕ್, ಚೈನಿನ ಕಡೆ ನೋಡಿ. ತುಳಿಯದೆ ಸಾಗುವಾಗಲೂ ಚಕ್ರದ ಲಯಕ್ಕೆ ಸದ್ದು ಬರುತ್ತಿದ್ದರೆ ಚಕ್ರ, ಡಿಸ್ಕ್ ಅಥವಾ ಮಡ್‌ಗಾರ್ಡನ್ನು ನೋಡಿ. ಸೀಟಿನಿಂದ ಎದ್ದು ನಿಂತಾಗ ಕಿರುಗುಟ್ಟುವುದು ನಿಂತರೆ ಸೀಟಿನ ಕ್ಲಾಂಪ್. ಹ್ಯಾಂಡಲನ್ನು ಎಳೆದಾಗ ಮಾತ್ರ ಸದ್ದಾದರೆ ಸ್ಟೆಮ್. ಲೋಹದ ಚೌಕಟ್ಟು ಸದ್ದನ್ನು ದೂರಕ್ಕೆ ಒಯ್ಯುತ್ತದೆ. ಕ್ರ್ಯಾಂಕಿನಿಂದ ಬರುತ್ತಿದೆ ಎಂದುಕೊಂಡದ್ದು ಕೊನೆಗೆ ಸೀಟಿನದ್ದಾಗಿರುವುದು ಅಪರೂಪವಲ್ಲ, ಆದ್ದರಿಂದ ಈ ಪರೀಕ್ಷೆಗಳನ್ನು ಮಾಡದೆ ಏನನ್ನೂ ಬಿಚ್ಚಬೇಡಿ.

## ಲಕ್ಷಣ: ಮಡ್‌ಗಾರ್ಡ್, ಕ್ಯಾರಿಯರ್, ಬಾಟಲಿ ಸ್ಟ್ಯಾಂಡಿನ ಬೋಲ್ಟ್ ಬಿಚ್ಚಿಕೊಳ್ಳುತ್ತದೆ

ಸೈಕಲ್ಲಿನಿಂದ ಕಳಚಿ ಬಿದ್ದುಹೋಗುವ ಬೋಲ್ಟುಗಳಲ್ಲಿ ಇವೇ ಹೆಚ್ಚು. ಹಿಡಿಯಬೇಕಾದ ತಗಡು ತೆಳು, ಬೋಲ್ಟ್ ಗಿಡ್ಡ. ಗಿಡ್ಡ ಬೋಲ್ಟಿಗೆ ಹಿಗ್ಗಲು ಉದ್ದವೇ ಸಾಲದು, ಹಾಗಾಗಿ ತುಸು ಬಣ್ಣ ಕುಸಿದರೂ ಹಿಡಿತ ಪೂರ್ತಿ ಹೋಗುತ್ತದೆ.

ಮೊದಲು ಬೋಲ್ಟನ್ನು ಹೊರಗೆ ತೆಗೆದು ಅದರ ತಲೆಯ ಕೆಳಗೆ ನೋಡಿ. ಬಣ್ಣದ ಚಕ್ಕೆ, ಮಣ್ಣು ಇದ್ದರೆ ಒರೆಸಿ ಚಪ್ಪಟೆ ವಾಷರ್ ಹಾಕಿ ಬಿಗಿಯಿರಿ. ಲೋಹವೇ ಹೊಳೆಯುವಷ್ಟು ಉಜ್ಜಿದ ಗುರುತು ಇದ್ದರೆ ಭಾಗ ಜಾರಾಡುತ್ತಿದೆ ಎಂದು ಅರ್ಥ. ಎರಡನೆಯದಾಗಿ ಉದ್ದವನ್ನು ನೋಡಿ. ಬೋಲ್ಟ್ ತೀರಾ ಉದ್ದವಾಗಿದ್ದರೆ ರಂಧ್ರದ ತಳಕ್ಕೆ ತಾಗಿ ನಿಲ್ಲುತ್ತದೆ. ಕೈಗೆ ಗಟ್ಟಿಯಾಗಿ ಸಿಗುತ್ತದೆ, ಆದರೆ ಭಾಗವನ್ನು ಒತ್ತಿರುವುದಿಲ್ಲ. ಹಿಂದಿನ ಚಕ್ರದ ಬಲಗಡೆ ಕ್ಯಾರಿಯರಿನ ಬೋಲ್ಟ್ ಉದ್ದವಾದರೆ ಅದರ ತುದಿ ಚೈನಿಗೆ ಅಥವಾ ಹಲ್ಲುಚಕ್ರಕ್ಕೆ ತಾಗಬಹುದು. ಬಿಗಿದ ಮೇಲೆ ಪೆಡಲನ್ನು ಕೈಯಲ್ಲಿ ತಿರುಗಿಸಿ, ಗೇರ್ ಇದ್ದರೆ ಅತಿ ಚಿಕ್ಕ ಹಲ್ಲುಚಕ್ರದ ಮೇಲೂ ಚೈನನ್ನು ತಂದು ನೋಡಿ.

ಹಿಂಬದಿಗೆ ನಟ್ ಬರುವ ಕಡೆಗಳಲ್ಲಿ ನೈಲಾನ್ ಉಂಗುರವಿರುವ ನಟ್ ಹಾಕುವುದೇ ಅಗ್ಗದ, ಬಾಳಿಕೆಯ ಉಪಾಯ. ಬೋಲ್ಟಿನ ತುದಿ ನೈಲಾನನ್ನು ದಾಟಿ ಒಂದೆರಡು ಸುತ್ತಾದರೂ ಹೊರಗೆ ಕಾಣಬೇಕು. ಅಂಥ ನಟ್ ಬರಿಯ ಬೆರಳಿನಿಂದಲೇ ಪೂರ್ತಿ ಒಳಗೆ ಹೋದರೆ ಅದರ ನೈಲಾನ್ ಸವೆದಿದೆ, ಹೊಸದನ್ನು ಹಾಕಿ. ಸೀಳಿರುವ ಸ್ಪ್ರಿಂಗ್ ವಾಷರ್ ಮೇಲೆ ಬಹಳ ಜನರಿಗೆ ನಂಬಿಕೆಯಿದೆ. ನನಗೆ ಇಲ್ಲ. ಬೋಲ್ಟ್ ಸರಿಯಾಗಿ ಬಿಗಿಯಾದೊಡನೆ ಅದು ಚಪ್ಪಟೆಯಾಗಿ ಸಾಮಾನ್ಯ ವಾಷರಿನಂತೆಯೇ ಆಗಿಬಿಡುತ್ತದೆ, ಅಡ್ಡ ಜಾರಿಕೆಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಕ್ಯಾರಿಯರಿನ ಬೋಲ್ಟ್ ಸಡಿಲವಾಗುವುದಷ್ಟೇ ಅಲ್ಲ, ತುಂಡೂ ಆಗುತ್ತಿದ್ದರೆ ಇನ್ನೂ ದಪ್ಪ ಬೋಲ್ಟ್ ಹುಡುಕುವ ಮುನ್ನ ಯೋಚಿಸಿ. ಸರಿಯಾಗಿ ಬಿಗಿದ ಜೋಡಣೆಯಲ್ಲಿ ಭಾರವನ್ನು ಹೊರುವುದು ಒತ್ತಿಕೊಂಡಿರುವ ಎರಡು ಮೈಗಳ ನಡುವಿನ ಘರ್ಷಣೆ. ಬೋಲ್ಟ್ ಸಡಿಲವಾದರೆ ಪ್ರತಿ ಗುಂಡಿಯ ಹೊಡೆತವೂ ನೇರವಾಗಿ ಬೋಲ್ಟಿಗೇ ಬಿದ್ದು, ಅದು ಬಾಗಿ ಬಾಗಿ ದಣಿದು ಮುರಿಯುತ್ತದೆ. ಕ್ಯಾರಿಯರಿನ ಕಾಲಿಗೂ ಚೌಕಟ್ಟಿಗೂ ನಡುವೆ ಸಂದು ತುಂಬಲು ನಾಲ್ಕೈದು ವಾಷರ್ ಪೇರಿಸಿದ್ದರೆ ತುಂಡಾಗುವುದು ಇನ್ನೂ ಬೇಗ. ಕಾಲು ಚೌಕಟ್ಟಿಗೆ ಒತ್ತಿ ಕೂರುವಂತೆ ಮಾಡಿ.

## ಲಕ್ಷಣ: ತುಳಿದಾಗ ಟಕ್ ಟಕ್, ಕ್ರ್ಯಾಂಕ್ ಅಲುಗುತ್ತಿದೆ

ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ತಡ ಮಾಡಿದರೆ ಅತಿ ಹೆಚ್ಚು ನಷ್ಟವಾಗುವುದು ಇಲ್ಲಿಯೇ. ಪೆಡಲಿನ ಒಂದು ಸುತ್ತಿಗೆ ಒಂದೋ ಎರಡೋ ಬಾರಿ ಟಕ್ ಎನ್ನುತ್ತಿದ್ದರೆ ಸೈಕಲ್ ನಿಲ್ಲಿಸಿ, ಎರಡೂ ಕ್ರ್ಯಾಂಕುಗಳನ್ನು ಒಂದೊಂದು ಕೈಯಲ್ಲಿ ಹಿಡಿದು ಚೌಕಟ್ಟಿನತ್ತ ಮತ್ತು ಹೊರಗೆ ಅಲುಗಿಸಿ. ಒಂದು ಮಾತ್ರ ಅಲುಗಿದರೆ ಆ ಕ್ರ್ಯಾಂಕ್ ಸಡಿಲ. ಎರಡೂ ಒಟ್ಟಿಗೆ ಅಲುಗಿದರೆ ನಡುವಿನ ಬೇರಿಂಗ್ ಅಥವಾ ಅದರ ಕಪ್ ಸಡಿಲ. ಯಾವುದೂ ಅಲುಗದಿದ್ದರೆ ಪೆಡಲ್, ಆಮೇಲೆ ಹಲ್ಲುಚಕ್ರದ ಚಿಕ್ಕ ಬೋಲ್ಟುಗಳು.

ಪೆಡಲ್. ಯಾವ ಕ್ರ್ಯಾಂಕೂ ಅಲುಗದಿದ್ದರೆ ಮೊದಲು ಇದನ್ನೇ ನೋಡಿ. 15 ಮಿ.ಮೀ. ಸ್ಪ್ಯಾನರ್ ಅಥವಾ ಹಿಂಬದಿಯಿಂದ 6 ಇಲ್ಲವೇ 8 ಮಿ.ಮೀ. ಅಲನ್ ಕೀ ಬೇಕು. ಬಲಗಡೆಯ ಪೆಡಲ್ ಸಾಮಾನ್ಯ ಥ್ರೆಡ್ಡಿನದು. ಎಡಗಡೆಯದು ತಿರುವುಮುರುವು, ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಗಿಯಾಗುತ್ತದೆ. ಓಡುವಾಗ ಪೆಡಲಿನ ದಂಡ ತನ್ನ ರಂಧ್ರದೊಳಗೆ ಸೂಕ್ಷ್ಮವಾಗಿ ಉರುಳುತ್ತಿರುತ್ತದೆ. ಎರಡೂ ಕಡೆ ಒಂದೇ ಥ್ರೆಡ್ ಇದ್ದರೆ ಎಡ ಪೆಡಲ್ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ವಿಮಾನ ಹಾರಿಸುವ ಮೊದಲು ಸೈಕಲ್ ತಯಾರಿಸುತ್ತಿದ್ದ ರೈಟ್ ಸಹೋದರರು 1900ರಲ್ಲಿ ಬಿಚ್ಚಿಕೊಳ್ಳದ ಪೆಡಲ್ ಎಂದು ಪ್ರಚಾರ ಮಾಡಿದ್ದರು. ಆ ಕಾಲಕ್ಕೆ ಸವಾರರನ್ನು ಇದು ಎಷ್ಟು ಕಾಡಿತ್ತೆಂದು ಅದರಿಂದ ಊಹಿಸಬಹುದು. ಬಿಗಿಯುವ ಬಲ 35ರಿಂದ 40 ನ್ಯೂಟನ್ ಮೀಟರ್. ಗ್ರೀಸ್ ಹಚ್ಚಿ, ಮೊದಲ ಮೂರು ನಾಲ್ಕು ಸುತ್ತನ್ನು ಬೆರಳಿನಿಂದಲೇ ಹಾಕಿ. ಬೆರಳಿಗೆ ಒಲಿಯದಿದ್ದರೆ ಓರೆಯಾಗಿ ಹೋಗುತ್ತಿದೆ ಎಂದರ್ಥ, ಹೊರಗೆ ತೆಗೆದು ಮತ್ತೆ ಆರಂಭಿಸಿ. ಅಲ್ಯೂಮಿನಿಯಂ ಕ್ರ್ಯಾಂಕಿನಲ್ಲಿ ಓರೆಯಾಗಿ ತುರುಕಿದ ಉಕ್ಕಿನ ಪೆಡಲ್ ಒಂದೇ ಸಲಕ್ಕೆ ಥ್ರೆಡ್ಡನ್ನು ಕಿತ್ತುಹಾಕುತ್ತದೆ.

ಚೌಕ ರಂಧ್ರದ ಕ್ರ್ಯಾಂಕ್. ಇಲ್ಲಿ ಬೋಲ್ಟ್ ಮಾಡುವ ಕೆಲಸ, ಇಳಿಜಾರಾದ ಚೌಕ ದಂಡದ ಮೇಲೆ ಕ್ರ್ಯಾಂಕನ್ನು ಒತ್ತಿ ಏರಿಸುವುದು. ಅದಕ್ಕೆ 35ರಿಂದ 50 ನ್ಯೂಟನ್ ಮೀಟರ್ ಬೇಕು, ಗಿಡ್ಡ ಅಲನ್ ಕೀಯಿಂದ ಅಷ್ಟು ಬಲ ಹಾಕಲು ಆಗುವುದೇ ಇಲ್ಲ. ಮತ್ತೆ ಮತ್ತೆ ಸಡಿಲವಾಗುವುದಕ್ಕೆ ಸಾಮಾನ್ಯ ಕಾರಣವೇ ಇದು. ಬೋಲ್ಟ್ ತೆಗೆದು ಥ್ರೆಡ್ಡಿಗೂ ತಲೆಯ ಕೆಳಗೂ ಗ್ರೀಸ್ ಹಚ್ಚಿ, ಉದ್ದ ಹಿಡಿಯ ಸಾಧನದಿಂದ ಬಿಗಿಯಿರಿ. ಮೊದಲ ಕೆಲವು ಸವಾರಿಗಳ ಬಳಿಕ ಒಮ್ಮೆ ಪರೀಕ್ಷಿಸಿ. ಅದಾದ ಮೇಲೂ ಮತ್ತೆ ಸಡಿಲವಾದರೆ ಬಿಗಿಯುತ್ತಾ ಹೋಗಬೇಡಿ. ಕ್ರ್ಯಾಂಕನ್ನು ಅದನ್ನು ಎಳೆದು ತೆಗೆಯುವ ಸಾಧನವಾದ ಪುಲ್ಲರಿನಿಂದ ಹೊರತೆಗೆದು ಚೌಕ ರಂಧ್ರದ ಒಳಮೈ ನೋಡಿ. ಮೂಲೆಗಳು ದುಂಡಗಾಗಿದ್ದರೆ, ಒಂದು ಬದಿಯ ಲೋಹ ಒತ್ತಿ ಸರಿದಿದ್ದರೆ ಆ ಕ್ರ್ಯಾಂಕ್ ಮುಗಿಯಿತು. ಉಕ್ಕಿನ ದಂಡದ ಮೇಲೆ ಮೆತ್ತನೆಯ ಅಲ್ಯೂಮಿನಿಯಂ ಸಡಿಲವಾಗಿ ಅಲುಗುತ್ತಾ ಓಡಿದರೆ ಒಂದೇ ಲಾಂಗ್ ರೈಡ್ ಸಾಕು, ರಂಧ್ರ ಕೆಡುತ್ತದೆ. ನಾನೂ ಒಮ್ಮೆ ಮನೆಗೆ ಇನ್ನು ಕೆಲವೇ ಕಿಲೋಮೀಟರ್ ಎಂದು ಟಕ್ ಟಕ್ ಎನ್ನುವ ಎಡ ಕ್ರ್ಯಾಂಕಿನಲ್ಲೇ ತುಳಿದುಕೊಂಡು ಬಂದು ಹೊಸ ಕ್ರ್ಯಾಂಕ್ ಹಾಕಿಸಬೇಕಾಯಿತು. ಬೋಲ್ಟ್ ಹಾಗೆಯೇ ಇತ್ತು, ಕೆಟ್ಟದ್ದು ರಂಧ್ರ. ಹೀಗೆ ಕೆಟ್ಟ ರಂಧ್ರಕ್ಕೆ ತಗಡು ತುರುಕುವುದು, ಅಂಟು ಸುರಿಯುವುದು ಯಾವುದೂ ನಿಲ್ಲುವುದಿಲ್ಲ.

ಕಾಟರ್ ಪಿನ್ (ಕ್ರ್ಯಾಂಕನ್ನು ದಂಡಕ್ಕೆ ಹಿಡಿದಿಡುವ ಬೆಣೆಯಂಥ ಪಿನ್) ಇರುವ ಹಳೆಯ ಬಗೆ. ತುಳಿಯುವಾಗ ಪ್ರತಿ ಸುತ್ತಿನಲ್ಲೂ ಒಂದು ಕಡೆ ಕ್ರ್ಯಾಂಕ್ ತುಸು ಜಾರಿದಂತೆ ಕಾಲಿಗೆ ತಿಳಿಯುತ್ತದೆ. ಪಿನ್ನಿನ ನಟ್ಟನ್ನು ಬಿಗಿದು ಪಿನ್ನನ್ನು ಒಳಗೆ ಎಳೆಯಲು ಹೋಗಬೇಡಿ, ಮೆತ್ತನೆಯ ಥ್ರೆಡ್ ಕಿತ್ತುಬರುತ್ತದೆ. ಕ್ರ್ಯಾಂಕಿನ ಕೆಳಗೆ ಗಟ್ಟಿಯಾದ ಆಧಾರ ಕೊಟ್ಟು, ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ, ಬಳಿಕ ನಟ್ ಹಾಕಿ. ನಟ್ಟಿಗೆ ಕಾವಲಿನ ಕೆಲಸವಷ್ಟೇ. ಆಧಾರ ಕೊಡದೆ ಹೊಡೆದರೆ ಪೆಟ್ಟು ಒಳಗಿನ ಬೇರಿಂಗಿಗೆ ಬೀಳುತ್ತದೆ. ಪಿನ್ನಿನ ಚಪ್ಪಟೆ ಮೈಯಲ್ಲಿ ಮೆಟ್ಟಿಲಿನಂಥ ತಗ್ಗು ಬಿದ್ದಿದ್ದರೆ ಅದೇ ಪಿನ್ನನ್ನು ಮತ್ತೆ ಹಾಕಬೇಡಿ.

ಪಕ್ಕದಲ್ಲಿ ಎರಡು ಬೋಲ್ಟ್ ಇರುವ ಕ್ರ್ಯಾಂಕ್. ಎಡ ಕ್ರ್ಯಾಂಕಿನ ಹೊರಗಿನ ಪ್ಲಾಸ್ಟಿಕ್ ಮುಚ್ಚಳ ಬೇರಿಂಗಿನ ಅಲುಗಾಟ ತೆಗೆಯುವುದಕ್ಕಷ್ಟೇ, ಬೆರಳ ಬಲದಷ್ಟು ಸಾಕು. ಹಿಡಿತ ಕೊಡುವುದು ಪಕ್ಕದ ಎರಡು ಬೋಲ್ಟುಗಳು. ಒಂದನ್ನು ಪೂರ್ತಿ ಬಿಗಿದರೆ ಇನ್ನೊಂದು ಸಡಿಲವಾಗುತ್ತದೆ, ಹಾಗಾಗಿ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ, ಎರಡೂ 12ರಿಂದ 14 ನ್ಯೂಟನ್ ಮೀಟರಿನಲ್ಲಿ ನಿಲ್ಲುವವರೆಗೆ ಬಿಗಿಯಿರಿ.

ಎರಡೂ ಕ್ರ್ಯಾಂಕ್ ಒಟ್ಟಿಗೆ ಅಲುಗಿದರೆ ನಡುವಿನ ಕಪ್ಪುಗಳನ್ನು ನೋಡಬೇಕು. ಸಾಮಾನ್ಯವಾದ ಬಿ.ಎಸ್.ಎ. (ಇಂಗ್ಲಿಷ್) ಅಳತೆಯಲ್ಲಿ ಬಲಗಡೆಯ ಕಪ್ ಎಡ ಥ್ರೆಡ್ಡಿನದು. ಇಟಾಲಿಯನ್ ಅಳತೆಯಲ್ಲಿ ಎರಡೂ ಕಡೆ ಬಲ ಥ್ರೆಡ್, ಆದ್ದರಿಂದಲೇ ಅದರ ಬಲ ಕಪ್ ಸಡಿಲವಾಗುವ ಗುಣ ಹೆಚ್ಚು. ಇದಕ್ಕೆ ವಿಶೇಷ ಸಾಧನ ಬೇಕು, ತಪ್ಪು ದಿಕ್ಕಿಗೆ ಬಲ ಹಾಕಿದರೆ ಚೌಕಟ್ಟಿನ ಥ್ರೆಡ್ಡೇ ಹಾಳಾಗುತ್ತದೆ. ಸಾಧನ ಇಲ್ಲದವರು ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಬಳಿ ಹೋಗುವುದು ಉತ್ತಮ.

## ಲಕ್ಷಣ: ಬ್ರೇಕ್ ಹಿಡಿದಾಗ ಹ್ಯಾಂಡಲಿನ ಕೆಳಗೆ ಲಟಕ್ ಎನ್ನುತ್ತದೆ

ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ದೂಡಿ. ಇನ್ನೊಂದು ಕೈಯ ಬೆರಳುಗಳನ್ನು ಚೌಕಟ್ಟಿನ ತಲೆಯ ಕೊಳವೆಗೂ ಅದರ ಮೇಲಿನ ಕಪ್ಪಿಗೂ ನಡುವಿನ ಸಂದಿನ ಮೇಲೆ ಇಡಿ. ಅಲ್ಲಿ ಅಲುಗಾಟ ತಿಳಿದರೆ ಹೆಡ್‌ಸೆಟ್, ಅಂದರೆ ಫೋರ್ಕ್ ತಿರುಗಲು ಇರುವ ಬೇರಿಂಗ್ ಜೋಡಣೆ, ಸಡಿಲ. ಬ್ರೇಕ್ ಶೂಗಳೇ ಅಲುಗಿ ಮೋಸ ಮಾಡುವುದುಂಟು, ಅದಕ್ಕಾಗಿ ಚಕ್ರವನ್ನು ಪಕ್ಕಕ್ಕೆ ಪೂರ್ತಿ ತಿರುಗಿಸಿ ಇನ್ನೊಮ್ಮೆ ದೂಡಿ ನೋಡಿ.

ಹೊಸ ಬಗೆಯ ಸ್ಟೆಮ್ಮಿನಲ್ಲಿ ಜನ ಮಾಡುವ ತಪ್ಪು ಒಂದೇ: ಮೇಲಿನ ಮುಚ್ಚಳದ ಬೋಲ್ಟನ್ನು ಬಲವಾಗಿ ಬಿಗಿಯುವುದು. ಸ್ಟೆಮ್ಮಿನ ಪಕ್ಕದ ಬೋಲ್ಟುಗಳು ಬಿಗಿಯಾಗಿರುವಾಗ ಅದನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಮೊದಲು ಪಕ್ಕದ ಬೋಲ್ಟುಗಳನ್ನು ಸಡಿಲಿಸಿ, ಮುಚ್ಚಳದ ಬೋಲ್ಟನ್ನು ಅಲುಗಾಟ ಹೋಗುವಷ್ಟೇ ಬಿಗಿದು, ಹ್ಯಾಂಡಲ್ ಸರಾಗವಾಗಿ ತಿರುಗುತ್ತದೆಯೇ ನೋಡಿ. ಚಕ್ರಕ್ಕೆ ನೇರವಾಗಿಸಿ. ಕೊನೆಗೆ ಪಕ್ಕದ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಬಿಗಿಯಿರಿ. ಈ ಕ್ರಮ ಪಾಲಿಸಿದ ಮೇಲೂ ಅಲುಗಾಟ ಮರಳಿದರೆ ಪಕ್ಕದ ಬೋಲ್ಟುಗಳ ಬಣ್ಣದ ಗೆರೆ ನೋಡಿ. ಗೆರೆ ನೇರವಾಗಿದ್ದು ಹೆಡ್‌ಸೆಟ್ ಸಡಿಲವಾಗಿದ್ದರೆ ಬೇರಿಂಗ್ ಸವೆದಿರಬಹುದು ಅಥವಾ ಕಪ್ ಸರಿಯಾಗಿ ಕೂತಿಲ್ಲದಿರಬಹುದು.

ಹ್ಯಾಂಡಲ್ ದಂಡವೇ ಮುಂದಕ್ಕೆ ವಾಲುತ್ತಿದ್ದರೆ ಮುಂದಿನ ಮುಚ್ಚುಪಟ್ಟಿಯ ನಾಲ್ಕು ಬೋಲ್ಟುಗಳನ್ನು ಬಿಚ್ಚಿ, ದಂಡವನ್ನೂ ಪಟ್ಟಿಯನ್ನೂ ಒಣ ಬಟ್ಟೆಯಿಂದ ಒರೆಸಿ. ಮೂಲೆಯಿಂದ ಮೂಲೆಗೆ ಅಡ್ಡಾದಿಡ್ಡಿ ಕ್ರಮದಲ್ಲಿ, ಮೇಲೆ ಕೆಳಗೆ ಸಂದು ಸಮವಾಗಿರುವಂತೆ ಬಿಗಿಯಿರಿ. ಒಂದು ಕಡೆ ಪೂರ್ತಿ ಮುಚ್ಚಿ ಇನ್ನೊಂದು ಕಡೆ ಬಾಯಿ ತೆರೆದಿದ್ದರೆ ಬೋಲ್ಟ್ ಬಾಗಿದ ಸ್ಥಿತಿಯಲ್ಲಿ ದುಡಿಯುತ್ತಿರುತ್ತದೆ. ಹಳೆಯ ಬಗೆಯ, ಕೊಳವೆಯೊಳಗೆ ಇಳಿಯುವ ಸ್ಟೆಮ್ಮಿನಲ್ಲಿ ಉದ್ದನೆಯ ಬೋಲ್ಟ್ ತಳದ ಬೆಣೆಯನ್ನು ಎಳೆದು ಹಿಡಿಯುತ್ತದೆ. ಸ್ಟೆಮ್ಮಿನ ಮೇಲೆ ಕೆತ್ತಿದ ಮಿತಿ ಗೆರೆ ಎಂದಿಗೂ ಹೊರಗೆ ಕಾಣುವಂತಿರಬಾರದು.

ಕಾರ್ಬನ್ ದಂಡ ಅಥವಾ ಫೋರ್ಕ್ ಇದ್ದರೆ ಅಂದಾಜಿನ ಬಿಗಿತ ಬೇಡ. ಟಾರ್ಕ್ ವ್ರೆಂಚ್ ಇಲ್ಲದೆ ಮುಟ್ಟಬೇಡಿ. ಜಾರುತ್ತಿದೆ ಎಂದು ಇನ್ನಷ್ಟು ಬಿಗಿದರೆ ಒಳಗೆ ಬಿರುಕು ಬಿಟ್ಟು, ಹೊರಗೆ ಏನೂ ಕಾಣದೆ, ಮುಂದೊಂದು ದಿನ ಓಡುತ್ತಿರುವಾಗ ಮುರಿಯಬಹುದು. ಅದಕ್ಕೆಂದೇ ಸಿಗುವ ಮರಳು ಮರಳಾದ ಪೇಸ್ಟ್ ಹಚ್ಚಿದರೆ ಕಡಿಮೆ ಬಲದಲ್ಲೇ ಹಿಡಿತ ಸಿಗುತ್ತದೆ.

## ಲಕ್ಷಣ: ಸೀಟಿನ ಮೂತಿ ಏರುತ್ತದೆ ಇಳಿಯುತ್ತದೆ, ಸೀಟು ಕುಸಿಯುತ್ತದೆ

ಮೂತಿ ಏರಿಳಿದರೆ ಕ್ಲಾಂಪಿನ ಹಲ್ಲುಗಳನ್ನು ಬಿಚ್ಚಿ ನೋಡಿ. ಮಣ್ಣು ತುಂಬಿದ್ದರೆ ತೊಳೆದು ಹಲ್ಲಿಗೆ ಹಲ್ಲು ಸರಿಯಾಗಿ ಕೂರಿಸಿ ಬಿಗಿಯಿರಿ. ಹಲ್ಲುಗಳು ನುಣ್ಣಗಾಗಿದ್ದರೆ ಎಷ್ಟು ಬಿಗಿದರೂ ನಿಲ್ಲದು, ಕ್ಲಾಂಪ್ ಬದಲಿಸಿ. ಸೀಟಿನ ಕೊಳವೆ ಕೆಳಗೆ ಕುಸಿಯುತ್ತಿದ್ದರೆ ಹೆಚ್ಚಾಗಿ ಕೊಳವೆಯ ಅಳತೆಯೇ ತಪ್ಪಿರುತ್ತದೆ. ಕೊಳವೆಯ ಮೇಲೆ ಕೆತ್ತಿದ ವ್ಯಾಸವನ್ನು ಚೌಕಟ್ಟಿಗೆ ಬೇಕಾದ ಅಳತೆಯೊಂದಿಗೆ ಹೋಲಿಸಿ. 0.2 ಮಿ.ಮೀ. ವ್ಯತ್ಯಾಸವೂ ಸೀಟನ್ನು ಕುಸಿಸಬಲ್ಲದು.

## ಲಕ್ಷಣ: ಚಕ್ರ ಪಕ್ಕಕ್ಕೆ ವಾಲುತ್ತದೆ ಅಥವಾ ಚೌಕಟ್ಟಿಗೆ ಉಜ್ಜುತ್ತದೆ

ರಿಮ್ ಹಿಡಿದು ಎಡಬಲಕ್ಕೆ ಅಲುಗಿಸಿ. ಅಲುಗಿದರೆ ಮೊದಲು ಆಕ್ಸೆಲ್ಲಿನ ನಟ್ಟುಗಳನ್ನು ನೋಡಿ. ಅವು ಬಿಗಿಯಾಗಿದ್ದೂ ಅಲುಗಿದರೆ ಹಬ್ಬಿನ (ಚಕ್ರದ ನಡುಭಾಗದ) ಬೇರಿಂಗನ್ನು ಒತ್ತಿ ಹಿಡಿಯುವ ಕೋನ್ ಸಡಿಲವಾಗಿದೆ. ಕೋನನ್ನು ಒಂದು ತೆಳು ಸ್ಪ್ಯಾನರಿನಿಂದ ಹಿಡಿದು, ಅದರ ಮೇಲಿನ ಲಾಕ್ ನಟ್ಟನ್ನು ಇನ್ನೊಂದರಿಂದ ಅದಕ್ಕೆ ಒತ್ತಿ ಬಿಗಿಯಬೇಕು. ಒಂದೇ ಸ್ಪ್ಯಾನರಿನಿಂದ ಮಾಡಿದ ಹೊಂದಾಣಿಕೆ ಕೆಲವೇ ದಿನಗಳಲ್ಲಿ ಬಿಟ್ಟುಹೋಗುತ್ತದೆ.

ಜೋರಾಗಿ ತುಳಿದಾಗ ಹಿಂದಿನ ಟೈರ್ ಎಡಗಡೆಯ ಕೊಳವೆಗೆ ಉಜ್ಜಿದರೆ, ಚೈನಿನ ಎಳೆತಕ್ಕೆ ಆಕ್ಸೆಲ್ಲಿನ ಬಲ ತುದಿ ಮುಂದಕ್ಕೆ ಜಾರುತ್ತಿದೆ. ನಟ್ಟಿನ ಕೆಳಗೆ ಹಲ್ಲಿರುವ ವಾಷರ್ ಹಾಕಿ, ಆಕ್ಸೆಲ್ಲಿನ ಥ್ರೆಡ್ಡಿಗೆ ಗ್ರೀಸ್ ಹಚ್ಚಿ 30ರಿಂದ 40 ನ್ಯೂಟನ್ ಮೀಟರ್ ಬಿಗಿಯಿರಿ. ಕ್ವಿಕ್ ರಿಲೀಸ್ ಹಿಡಿ ಇರುವ ಚಕ್ರದಲ್ಲಿ ಹಿಡಿಯನ್ನು ಮಡಚುತ್ತಾ ಅದು ಅರ್ಧದಾರಿಗೆ, ಅಂದರೆ ಆಕ್ಸೆಲ್ಲಿನ ನೇರಕ್ಕೆ ಬಂದಾಗ ಪ್ರತಿರೋಧ ಆರಂಭವಾಗಬೇಕು. ಪೂರ್ತಿ ಮುಚ್ಚಿದಾಗ ಅಂಗೈಯಲ್ಲಿ ಅದರ ಅಚ್ಚು ಮೂಡಬೇಕು. ಹಿಡಿಯನ್ನು ರೆಕ್ಕೆ ನಟ್ಟಿನಂತೆ ಗರಗರ ತಿರುಗಿಸಿ ಬಿಡುವುದು ಪ್ರಾಣಕ್ಕೇ ಅಪಾಯ.

## ಲಕ್ಷಣ: ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ, ಹಿಡಿದಾಗ ಟಕ್ ಎನ್ನುತ್ತದೆ

ರಿಮ್ ಬ್ರೇಕಿನಲ್ಲಿ ಶೂ ತಿರುಗಿ ಓರೆಯಾಗಿದ್ದರೆ ಅದರ ಬೋಲ್ಟ್, ಇಡೀ ಬ್ರೇಕ್ ಪಕ್ಕಕ್ಕೆ ವಾಲಿದ್ದರೆ ಫೋರ್ಕಿನ ಹಿಂಬದಿಯ ನಟ್. ಓರೆಯಾದ ಶೂ ಟೈರನ್ನು ಕೊರೆದು ಸಿಡಿಸಬಲ್ಲದು. ಡಿಸ್ಕ್ ಬ್ರೇಕಿನಲ್ಲಿ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ದೂಡಿದಾಗ ಡಿಸ್ಕನ್ನು ಹಿಡಿಯುವ ಭಾಗವಾದ ಕ್ಯಾಲಿಪರ್ ಅಲುಗುತ್ತದೆಯೇ ನೋಡಿ. ಅದರ ಎರಡು ಬೋಲ್ಟುಗಳಿಗೆ 6ರಿಂದ 8 ನ್ಯೂಟನ್ ಮೀಟರ್ ಬೇಕು. ಡಿಸ್ಕಿನ ಆರು ಚಿಕ್ಕ ಬೋಲ್ಟುಗಳನ್ನು ನಕ್ಷತ್ರದಾಕಾರದ 25ನೇ ನಂಬರಿನ ಕೀಯಿಂದ ನಕ್ಷತ್ರದ ಕ್ರಮದಲ್ಲೇ ಬಿಗಿಯಿರಿ. ಇಲ್ಲಿ ಗ್ರೀಸ್ ಅಥವಾ ಎಣ್ಣೆ ಬೇಡವೇ ಬೇಡ. ಡಿಸ್ಕಿಗೋ ಪ್ಯಾಡಿಗೋ ಒಂದು ಹನಿ ತಾಗಿದರೂ ಬ್ರೇಕ್ ಹಿಡಿಯುವುದಿಲ್ಲ. ಓಡಿಸಿದ ತಕ್ಷಣ ಡಿಸ್ಕನ್ನು ಮುಟ್ಟಬೇಡಿ, ಸುಡುತ್ತದೆ. ಚಕ್ರ ತಿರುಗುತ್ತಿರುವಾಗ ಅದರ ಹತ್ತಿರ ಬೆರಳು ತರಲೇಬೇಡಿ.

ಬ್ರೇಕಿನ ಯಾವುದೇ ಬೋಲ್ಟನ್ನು ಬಿಗಿದ ಮೇಲೆ ನಿಂತಲ್ಲೇ ಹಿಡಿಯನ್ನು ಪೂರ್ಣ ಬಲದಿಂದ ಹಲವು ಬಾರಿ ಒತ್ತಿ ನೋಡಿ. ಕೇಬಲ್ ಜಾರುವುದಿದ್ದರೆ ಮನೆಯಂಗಳದಲ್ಲೇ ಜಾರಲಿ.

## ಲಕ್ಷಣ: ಎಲ್ಲ ಮಾಡಿದರೂ ಅದೇ ಬೋಲ್ಟ್ ಮೂರನೇ ಬಾರಿ ಸಡಿಲವಾಗಿದೆ

ಗೆರೆಯನ್ನು ಕೇಳಿ. ಗೆರೆ ನೇರವಾಗಿದ್ದರೆ ಥ್ರೆಡ್ ಲಾಕರಿನಿಂದ ಉಪಯೋಗವಿಲ್ಲ, ಏಕೆಂದರೆ ಬೋಲ್ಟ್ ತಿರುಗಿಯೇ ಇಲ್ಲ. ತಲೆಯ ಕೆಳಗಿನ ಬಣ್ಣವನ್ನು ಕೆರೆದು, ಗಟ್ಟಿ ವಾಷರ್ ಹಾಕಿ. ಬಿಗಿಯುವಾಗ ಬೋಲ್ಟ್ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತಲೇ ಹೋದರೆ ಥ್ರೆಡ್ ಕಿತ್ತುಬರುತ್ತಿದೆ, ತಕ್ಷಣ ಕೈಬಿಡಿ. ಆ ರಂಧ್ರಕ್ಕೆ ಹೊಸ ಥ್ರೆಡ್ಡಿನ ಸುರುಳಿ ಕೂರಿಸುವುದು ಅನುಭವಸ್ಥರ ಕೆಲಸ.

ಗೆರೆ ತುಂಡಾಗಿದ್ದರೆ, ಭಾಗದ ಜಾರಿಕೆಯನ್ನು ಮೊದಲು ನಿಲ್ಲಿಸಿ, ಆಮೇಲಷ್ಟೇ ಥ್ರೆಡ್ ಲಾಕರ್. ನೀಲಿ ಬಣ್ಣದ ಮಧ್ಯಮ ಹಿಡಿತದ್ದನ್ನು ತನ್ನಿ, ಸಾಮಾನ್ಯ ಸಾಧನದಿಂದಲೇ ಮುಂದೆ ಬಿಚ್ಚಲು ಬರುತ್ತದೆ. ಕೆಂಪು ಬೇಡ, ಅದನ್ನು ಬಿಚ್ಚಲು ಬೆಂಕಿಯ ಕಾವು ಬೇಕಾಗುತ್ತದೆ. ಈ ದ್ರವ ಗಾಳಿ ಸಿಗದ ಲೋಹದ ಸಂದಿನಲ್ಲಿ ಗಟ್ಟಿಯಾಗುವಂಥದ್ದು. ಹಾಗಾಗಿ ಥ್ರೆಡ್ಡಿನಲ್ಲಿ ಎಣ್ಣೆಯ ಪಸೆ ಇರಕೂಡದು. ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ಒಂದೇ ಹನಿ ಹಾಕಿ ಬಿಗಿದು 24 ಗಂಟೆ ಬಿಡಿ. ಕೈಗವಸು ತೊಟ್ಟು, ಗಾಳಿಯಾಡುವ ಕಡೆ ಕೆಲಸ ಮಾಡಿ. ಕೆಲವು ಪ್ಲಾಸ್ಟಿಕ್‌ಗಳು ಇದು ತಾಗಿದರೆ ಬಿರುಕು ಬಿಡುತ್ತವೆ, ಆದ್ದರಿಂದ ಪ್ಲಾಸ್ಟಿಕ್ ಬಾಟಲಿ ಸ್ಟ್ಯಾಂಡ್, ದೀಪದ ಹಿಡಿಕೆಗಳಿಂದ ದೂರವಿಡಿ. ಹೆಡ್‌ಸೆಟ್ಟಿನ ಮೇಲಿನ ಮುಚ್ಚಳಕ್ಕೂ ಇದು ಬೇಡ.

ಬೋಲ್ಟ್ ಬದಲಿಸುವಾಗ ಹೊಳಪಿಗೆ ಮರುಳಾಗಬೇಡಿ. ಎ2-70 ಗುರುತಿನ ಸ್ಟೇನ್‌ಲೆಸ್ ಬೋಲ್ಟ್ ತುಕ್ಕು ಹಿಡಿಯದು, ಆದರೆ 8.8 ಗುರುತಿನ ಉಕ್ಕಿಗಿಂತ ಅದರ ಬಲ ಕಡಿಮೆ, 12.9 ಗುರುತಿನದಕ್ಕಿಂತ ತೀರಾ ಕಡಿಮೆ. ಮಡ್‌ಗಾರ್ಡಿಗೆ ಅದು ಚೆನ್ನ. ಸ್ಟೆಮ್, ಸೀಟಿನ ಕ್ಲಾಂಪ್ ಮತ್ತು ಬ್ರೇಕಿಗೆ ತಯಾರಕರು ಕೊಟ್ಟ ದರ್ಜೆಯದನ್ನೇ ಹಾಕಿ. ಬಾಗಿದ, ಕತ್ತು ಸಣ್ಣಗಾದ, ಕೀ ಜಾರುವಷ್ಟು ತಲೆ ಸವೆದ ಬೋಲ್ಟನ್ನು ನೇರ ಕಸಕ್ಕೆ ಹಾಕಿ. ಚೌಕಟ್ಟು, ಫೋರ್ಕ್ ಅಥವಾ ಸ್ಟೆಮ್ಮಿನಲ್ಲಿ ಬೋಲ್ಟಿನ ರಂಧ್ರದ ಸುತ್ತ ಕೂದಲಿನಂಥ ಗೆರೆ ಕಂಡು, ಒರೆಸಿದರೂ ಹೋಗದಿದ್ದರೆ ಅದು ಬಿರುಕು. ಬಿಗಿಯುವ ಪ್ರಶ್ನೆಯೇ ಇಲ್ಲ, ಸೈಕಲ್ ಬದಿಗಿಟ್ಟು ತಿಳಿದವರಿಗೆ ತೋರಿಸಿ.

ಕೆಲಸ ಮುಗಿದ ಮೇಲೆ ಹಳೆಯ ಗೆರೆಯನ್ನು ಒರೆಸಿ ಹೊಸದನ್ನು ಎಳೆಯಿರಿ. ಮೊದಲ ಸವಾರಿಯ ಬಳಿಕ ಒಮ್ಮೆ, 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ, ಆಮೇಲೆ ಟೈರಿಗೆ ಗಾಳಿ ಹಾಕುವಾಗಲೆಲ್ಲ ಗೆರೆಗಳ ಮೇಲೆ ಕಣ್ಣು ಹಾಯಿಸಿ. ಹೊಸದಾಗಿ ಜೋಡಿಸಿದ ಸೈಕಲ್ಲಿನಲ್ಲಿ ಬಣ್ಣ ಕುಸಿಯುವುದು ಈ ಮೊದಲ 100 ಕಿಲೋಮೀಟರಿನಲ್ಲೇ ಹೆಚ್ಚು. ಹಾಗಾಗಿ ಆಗ ಗೆರೆ ನೇರವಾಗಿ ಕಂಡರೂ ಪ್ರತಿ ಬೋಲ್ಟಿಗೂ ಒಮ್ಮೆ ಕೀ ಹಾಕಿ ಬಿಗಿತ ಪರೀಕ್ಷಿಸಿ.